ದಿಬ್ಬಣದ ಹಿಂದೆ ಬಂದ ನೀರು

ನನ್ನ ಮದುವೆಯ ದಿನ ನಮ್ಮೂರಿಗೆ ಒಂದು ಮಾತನ್ನೂ ತಿಳಿಸದೆ ಕಾಲುವೆಗೆ ನೀರು ಬಿಟ್ಟವರು ಯಾರು ಎಂಬ ಪ್ರಶ್ನೆಗೆ ನಮ್ಮ ಕಾಲುವೆ ಕಚೇರಿ ಇಂದಿನವರೆಗೆ ಉತ್ತರ ಕೊಟ್ಟಿಲ್ಲ. ಡಂಗುರ ಸಾರಿಸಬೇಕಾದವರು ಸಾರಿಸಲಿಲ್ಲ. ಬದಲಾದ ದಿನವನ್ನು ಮೇಲಿನ ಊರುಗಳಿಗೆ ಹೇಳಿದರು, ಕೊನೆಯ ಊರುಗಳನ್ನು ಮರೆತರು. ಆಮೇಲೆ ತಮ್ಮ ತಪ್ಪನ್ನು ನನ್ನ ಅಪ್ಪನ ತಲೆಗೆ ಕಟ್ಟಿ, ಅವನ ಹೊಲದ ನೀರನ್ನೇ ನಿಲ್ಲಿಸಿದರು. ಇದನ್ನು ಕಚೇರಿಯ ಭಾಷೆಯಲ್ಲಿ ಕಣ್ತಪ್ಪು ಎನ್ನಬಹುದು. ನಾನು ಅನ್ಯಾಯ ಎನ್ನುತ್ತೇನೆ.

ಹೀಗಿದ್ದೂ ಆ ದಿನ ನನ್ನ ಬದುಕಿನ ಅತಿ ಸಂತೋಷದ ದಿನ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಕಚೇರಿಯವರೊಬ್ಬರು ಮುಂದೆ ನನಗೆ, ‘ಎಲ್ಲಾರೂ ನಕ್ಕೋತ ಇದ್ರೆಲ್ರಿ, ಮತ್ತ ತಕರಾರು ಏನು?’ ಎಂದು ಕೇಳಿದರು. ನಗು ನಾವು ಮಾಡಿಕೊಂಡದ್ದು. ತಪ್ಪು ಅವರು ಮಾಡಿದ್ದು. ಎರಡನ್ನೂ ಕಲಸಬಾರದೆಂದೇ ಈ ನೆನಪನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಗೋಕಾಕ ತಾಲೂಕಿನ ಮಸಗುಪ್ಪಿಯಲ್ಲಿ. ಧುಪದಾಳದ ಒಡ್ಡಿನಿಂದ ಹೊರಟ ಕಾಲುವೆ ಊರೂರಿಗೆ ಕವಲೊಡೆಯುತ್ತ ಬರುತ್ತದೆ. ಅದರದೊಂದು ಕವಲು ಅಪ್ಪನ ಹೊಲದ ಅಂಚಿನಲ್ಲಿ ಮುಗಿದು ಹಳ್ಳಕ್ಕೆ ಬೀಳುತ್ತದೆ. ನೀರು ಸದಾ ಹರಿಯುವುದಿಲ್ಲ. ಕೆಲವು ದಿನ ಬರುತ್ತದೆ, ಕೆಲವು ದಿನ ಬಂದಾಗಿರುತ್ತದೆ. ಬಂದಾಗ ಯಾವ ಹೊಲಕ್ಕೆ ಯಾವ ದಿನ ಎಂಬ ಪಾಳಿ ಇದೆ. ನಮ್ಮ ಕವಲಿನಲ್ಲಿ ಪಾಳಿ ಕೊನೆಯ ಹೊಲದಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ಆದ್ದರಿಂದ ನೀರು ಊರು ಮುಟ್ಟಿದ ದಿನವೇ ಅಪ್ಪನ ಪಾಳಿ. ಆ ದಿನ ಹೊಲದಲ್ಲಿ ಒಡೆಯನಿಲ್ಲದಿದ್ದರೆ ಪಾಳಿ ಮುಂದಿನವರಿಗೆ ಹೋಯಿತು. ಮತ್ತೆ ಕೈಮುಗಿದರೂ ಬರುವುದಿಲ್ಲ.

ಹೀಗಾಗಿ ಕಾಲುವೆ ಬಂದಾದ ದಿನಗಳೇ ನಮ್ಮೂರಿನ ಬಿಡುವಿನ ದಿನಗಳು. ಸ್ವಾತಂತ್ರ್ಯ ಬಂದ ವರ್ಷ ಪಾಟಿ ಹಿಡಿದು ಶಾಲೆಗೆ ಹೋಗುತ್ತಿದ್ದ ಹುಡುಗಿ ನಾನು. ಅಂದಿನಿಂದಲೂ ಕಾಲುವೆಯ ಒಣ ತಳವೇ ನಮಗೆ ಆಟದ ಬಯಲು, ಹೆಂಗಸರಿಗೆ ಶಾವಿಗೆ ಒಣಗಿಸುವ ಜಾಗ, ಗಂಡಸರಿಗೆ ಚಕ್ಕಡಿ ಹೊಡೆಯುವ ರಸ್ತೆ. ಊರ ಹಾದಿಯ ತುಂಬ ಕಲ್ಲು ಮತ್ತು ಕೊರಕಲು. ಕಾಲುವೆಯ ತಳ ಮಾತ್ರ ನೀರು ತೀಡಿದ ಮಣ್ಣು, ಮಗು ಮಲಗಿಸಿದರೂ ಏಳದಷ್ಟು ಸಮ. ಮದುವೆಗಳು ನಡೆಯುತ್ತಿದ್ದುದೂ ಈ ಬಿಡುವಿನಲ್ಲೇ. ನಮ್ಮ ಮಠದ ಅಯ್ಯನವರು ಮುಹೂರ್ತ ಕೇಳಲು ಬಂದವರಿಗೆ ಹೇಳುತ್ತಿದ್ದುದು ಒಂದೇ ಮಾತು: ‘ಶಿವನ ದಿನದಾಗ ಕೆಟ್ಟದ್ದು ಯಾವುದೂ ಇಲ್ಲ. ಮೊದಲ ಪಾಟಕರೀನ ಕೇಳ್ರಿ, ಆಮ್ಯಾಲ ನನ್ನ ಕಡೆ ಬರ್ರಿ.’ ಪಾಟಕರಿ ಎಂದರೆ ತೂಬು ತೆರೆದು ಮುಚ್ಚಿ ನೀರು ಹಂಚುವ ಕಾಲುವೆಯ ಜವಾನ. ಅವನು ದಿನ ಹೇಳಿದ ಮೇಲೆ ಹಂದರದ ಗುಣಿ ತೋಡುತ್ತಿದ್ದರು.

ಅಪ್ಪನ ಹೊಲದಲ್ಲಿ ಒಂದು ಬಾವಿಯೂ ಇತ್ತು. ಅಜ್ಜ ತೋಡಿಸಿ ಕಲ್ಲು ಕಟ್ಟಿಸಿದ್ದು. ಎತ್ತು ಹೂಡಿ ಕಪಿಲೆಯಿಂದ ನೀರೆತ್ತುವುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಆಮೇಲೆ ಕಚೇರಿಯಿಂದ ಒಂದು ಹುಕುಂ ಬಂತು. ಕಾಲುವೆಯ ಸಮೀಪದ ಬಾವಿಗಳಲ್ಲಿ ಇರುವುದು ಕಾಲುವೆಯಿಂದ ಇಂಗಿ ಬಂದ ನೀರು, ಆದ್ದರಿಂದ ಅದು ಕಾಲುವೆಯ ನೀರೇ, ಅಪ್ಪಣೆ ಇಲ್ಲದೆ ಎತ್ತಬಾರದು ಎಂದು ಅದರ ಸಾರ. ಅಪ್ಪ ಅಪ್ಪಣೆ ಕೇಳಿದ. ಉತ್ತರ ಬರಲಿಲ್ಲ. ಮುಂಬೈ ರಾಜ್ಯ ಹೋಗಿ ಮೈಸೂರು ರಾಜ್ಯ ಬಂತು, ಕಚೇರಿಯ ಹಲಗೆ ಬದಲಾಯಿತು, ಹುಕುಂ ಮಾತ್ರ ಹಾಗೆಯೇ ಉಳಿಯಿತು. ಕೊನೆಗೆ ಅಪ್ಪ ಕಪಿಲೆಯ ಹಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ. ಅಲ್ಲಿಂದ ಮುಂದೆ ಅವನ ಗೋಧಿಗೆ ಕಾಲುವೆಯ ಪಾಳಿಯೊಂದೇ ಆಧಾರ.

ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದಾಗ ನನಗೆ ಗಂಡು ಗೊತ್ತಾಯಿತು. ಹುಡುಗ ಹುಕ್ಕೇರಿಯ ಶಾಲೆಯಲ್ಲಿ ಮಾಸ್ತರ; ಅವರ ತಂದೆ ಅಲ್ಲೇ ಹತ್ತಿರದ ಹಳ್ಳಿಯಲ್ಲಿ ಬಾವಿಯ ಮೇಲೆ ಬೇಸಾಯ ಮಾಡುವವರು. ಅವರ ಭಾಗಕ್ಕೆ ಕಾಲುವೆ ಇಲ್ಲ. ಮಾತುಕತೆಗೆ ಬಂದ ದಿನ ಮಾವನವರು ಹೆಣ್ಣು ನೋಡುವುದಕ್ಕಿಂತ ಹೆಚ್ಚು ಹೊತ್ತು ನಮ್ಮ ಕಾಲುವೆ ನೋಡಿದರು. ಅಂದು ಅದು ತುಂಬಿ ಹರಿಯುತ್ತಿತ್ತು.

‘ಬೀಗರ, ನಿಮ್ಮ ನೀರು ತಾನ ನಡಕೋತ ಬರತೈತಿ. ನಮ್ಮದು ಜಗ್ಗಿದ್ರಷ್ಟ ಬರತೈತಿ’ ಎಂದರು.

‘ನಡಕೋತ ಬರತೈತಿ ಖರೆ, ಯಾವಾಗ ಬರತೈತಿ ಅನ್ನೂದು ಅದಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ’ ಎಂದ ಅಪ್ಪ.

ಮದುವೆಯನ್ನು ಮಾಘದಲ್ಲಿ, ಕಾಲುವೆ ಬಂದಾಗಿರುವ ದಿನಗಳ ನಟ್ಟನಡುವೆ ಇಟ್ಟರು. ಗೋಧಿ ತೆನೆಗಟ್ಟಿತ್ತು. ಕಾಳಿಗೆ ಹಾಲು ತುಂಬುವ ಹೊತ್ತಿನಲ್ಲಿ ಇನ್ನೊಂದೇ ಒಂದು ನೀರು ಬೇಕು. ಆ ನೀರು ಮದುವೆಯ ನಂತರದ ವಾರ ಬರುವುದೆಂದು ಪಾಟಕರಿ ಹೇಳಿದ್ದ. ಅವನು ಸುಳ್ಳು ಹೇಳಲಿಲ್ಲ. ಮೇಲಿನವರು ಅವನಿಗೆ ಹೇಳಿದ್ದನ್ನೇ ಅವನು ನಮಗೆ ಹೇಳಿದ. ಆ ಮೇಲೆ ದಿನ ಬದಲಾಯಿಸಿದವರು ಅವನಿಗೂ ಹೇಳಲಿಲ್ಲ.

ಮದುವೆಯ ಬೆಳಗ್ಗೆ ನನಗೆ ಸುತ್ತ ತಂಬಿಗೆಯಿಟ್ಟು ನೂಲಿನ ಸುರಗಿ ಸುತ್ತಿ ಎಣ್ಣೆ ಅರಿಷಿಣದ ನೀರು ಹಾಕಿ ಮುಗಿದಿತ್ತು. ಒದ್ದೆ ಕೂದಲು ಒರೆಸಿಕೊಳ್ಳುತ್ತ ಮಾಳಿಗೆಯ ಮೇಲೆ ನಿಂತವಳಿಗೆ ಸನಾದಿಯ ಸದ್ದು ಕೇಳಿತು. ದಿಬ್ಬಣ ಬರುತ್ತಿತ್ತು. ಊರ ಹಾದಿಯ ಕಲ್ಲಿಗೆ ಹೆದರಿ, ಕರೆತರಲು ಹೋಗಿದ್ದ ನಮ್ಮ ಕಾಕಾ ಅವರನ್ನು ಕಾಲುವೆಯ ತಳದಲ್ಲೇ ಕರೆತರುತ್ತಿದ್ದ. ಸಾಲುಗಟ್ಟಿದ ಚಕ್ಕಡಿಗಳು, ಕೊಂಬಿಗೆ ಬಣ್ಣ ಹಚ್ಚಿಕೊಂಡ ಎತ್ತುಗಳು, ಮುಂದಿನ ಚಕ್ಕಡಿಯಲ್ಲಿ ಬಾಸಿಂಗ ಕಟ್ಟಿಕೊಂಡ ಮದುಮಗ. ಅವರ ಹಿಂದೆ, ಕೊನೆಯ ಚಕ್ಕಡಿಯಿಂದ ಒಂದು ಮಾರು ದೂರದಲ್ಲಿ, ತರಗೆಲೆ ಮತ್ತು ಕಸಕಡ್ಡಿಯನ್ನು ತಲೆಯ ಮೇಲೆ ಹೊತ್ತುಕೊಂಡು ಬರುತ್ತಿತ್ತು ನೀರು.

ಅದು ನುಗ್ಗುತ್ತಿರಲಿಲ್ಲ. ಒಣ ಕಾಲುವೆಗೆ ಮೊದಲ ನೀರು ಬರುವ ಬಗೆಯೇ ಬೇರೆ. ನೆಲದ ಬಿರುಕುಗಳನ್ನೆಲ್ಲ ಕುಡಿಸುತ್ತ, ನಿಂತು ನಿಂತು, ದನ ಮೇಯುತ್ತ ಬರುವ ಹಾಗೆ ಬರುತ್ತದೆ. ದಿಬ್ಬಣದವರಿಗೆ ಸನಾದಿಯ ಗದ್ದಲದಲ್ಲಿ ಅದು ಕೇಳಿಸಿರಲಿಲ್ಲ. ಕೊನೆಯ ಚಕ್ಕಡಿಯಲ್ಲಿದ್ದ ಮುದುಕಿಯೊಬ್ಬಳು ಹೊರಳಿ ನೋಡಿ, ಬಾಜೂದವಳಿಗೆ, ‘ಮಸಗುಪ್ಪ್ಯಾಗ ಬೀಗರ ಕಾಲಿಗೆ ನೀರು ಕೊಡೂದು ಹಿಂಗನ?’ ಎಂದಳಂತೆ. ಆ ಮಾತು ಚಕ್ಕಡಿಯಿಂದ ಚಕ್ಕಡಿಗೆ ಹಾರಿ ಮುಂದೆ ಬಂತು. ಆಗ ಎತ್ತುಗಳ ಬಾಲ ತಿರುವಿದ್ದೇ ತಿರುವಿದ್ದು. ದನ ಇಳಿಯುವ ಇಳಿಜಾರಿನಿಂದ ಎಲ್ಲ ಚಕ್ಕಡಿಗಳೂ ದಡ ಹತ್ತಿದವು. ಕೊನೆಯದರ ಗಾಲಿಗಳಷ್ಟೇ ತೊಯ್ದವು. ಸನಾದಿಯವನು ಊದುವುದನ್ನು ಮಾತ್ರ ಬಿಡಲಿಲ್ಲ.

ನಾನು ಮಾಳಿಗೆಯಿಂದ ಇಳಿದು ಬಂದಾಗ ಹಂದರದಲ್ಲಿ ಅಪ್ಪ ತಲೆಗೆ ಹೊಸ ಪಟಗಾ ಸುತ್ತಿಕೊಂಡು ನಿಂತಿದ್ದ. ಪಾಟಕರಿ ಓಡುತ್ತ ಬಂದ. ಮದುವೆಗೆಂದು ಅವನೂ ಗರಿಗರಿ ಧೋತರ ಉಟ್ಟಿದ್ದ. ಅದು ಮೊಣಕಾಲತನಕ ಕೆಸರಾಗಿತ್ತು.

‘ನನಗ ಹೇಳಿಲ್ರಿ, ಶಿವನಾಣೆ ನನಗ ಹೇಳಿಲ್ಲ. ಮ್ಯಾಲಿನ ಊರಾಗ ನಿನ್ನೇನ ಗೊತ್ತಿತ್ತಂತ. ಪಾಳಿ ಇವತ್ತಿಂದ ಹಿಡದಾರ. ಸಂಜಿಗೆ ನಿಮ್ಮ ತೂಬು ಮುಚ್ಚಬೇಕಂತ.’

ಅಪ್ಪ ಹೊಲದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದ. ಗೋಧಿಗೆ ಹೋದರೆ ಮಗಳ ಧಾರೆಗೆ ತಂದೆ ಇಲ್ಲ. ಧಾರೆಗೆ ನಿಂತರೆ ವರ್ಷದ ಅನ್ನ ಒಣಗುತ್ತದೆ. ಬಾವಿಯ ಕಪಿಲೆ ಇದ್ದಿದ್ದರೆ ಅವನು ನಕ್ಕು ಹಂದರದಲ್ಲೇ ನಿಲ್ಲುತ್ತಿದ್ದ. ಒಂದು ಕಚೇರಿ ಬಾವಿ ಕಸಿದು, ಅದೇ ಕಚೇರಿ ದಿನವನ್ನೂ ಕಸಿದರೆ ಒಬ್ಬ ಮನುಷ್ಯನ ಮುಖ ಹೇಗಾಗುತ್ತದೆ ಎಂಬುದನ್ನು ನಾನು ಆಗ ಕಂಡೆ.

‘ಅಪ್ಪಾ, ನೀ ಹೊಲಕ್ಕ ನಡಿ. ನಾವೆಲ್ಲಾ ಅಲ್ಲೇ ಬರತೇವಿ. ಮದುವಿ ಹೊಲದಾಗ ಆಗಲಿ’ ಎಂದೆ.

ಮದುಮಗಳು ಹೀಗೆ ಬಾಯಿ ತೆರೆಯುವ ಪದ್ಧತಿ ನಮ್ಮಲ್ಲಿಲ್ಲ. ಹಂದರದವರೆಲ್ಲ ನನ್ನ ಕಡೆ ಹೊರಳಿದರು. ಆಯಿ, ಎಂದರೆ ಅಪ್ಪನ ತಾಯಿ, ತಲೆಯ ಸೆರಗು ಸರಿಮಾಡಿಕೊಂಡು, ‘ಕಲಿಸಿದ್ದಕ್ಕ ಒಂದ ಮಾತರ ಉಪಯೋಗ ಆತು’ ಎಂದಳು. ಅಯ್ಯನವರು ಆಗಲೇ ಆರತಿ ತಟ್ಟೆ, ಅಕ್ಕಿಕಾಳಿನ ಬುಟ್ಟಿ ಎತ್ತಿಸುತ್ತಿದ್ದರು. ಮಾವನವರು ಮಾತ್ರ ಅಪ್ಪನ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

‘ಬೀಗರ, ಒಂದು ಖರೆ ಹೇಳ್ರಿ. ನಮ್ಮನ್ನ ಮದುವಿಗೆ ಕರದೀರೋ, ಆಳಿಗೆ ಕರದೀರೋ?’

‘ಎರಡಕ್ಕೂ ಅಂತ ತಿಳೀರಿ’ ಎಂದ ಅಪ್ಪ, ಬೆಳಗಿನಿಂದ ಮೊದಲ ಸಲ ನಕ್ಕು.

‘ಹಂಗಾದ್ರ ಸಲಿಕಿ ತರಸ್ರಿ.’

ಊರಿನ ಸಲಿಕೆಗಳೆಲ್ಲ ಹೊರಬಂದವು. ಸನಾದಿ ಮುಂದೆ, ಸಲಿಕೆ ಹಿಂದೆ, ನಡುವೆ ನಾನು ತಲೆಗೆ ಹೂವಿನ ದಂಡಿ ಕಟ್ಟಿಕೊಂಡು ಚಕ್ಕಡಿಯಲ್ಲಿ. ಅಂತಹ ಮೆರವಣಿಗೆಯನ್ನು ಯಾವ ಶ್ರೀಮಂತನ ಮಗಳೂ ಕಂಡಿರಲಾರಳು.

ಹೊಲ ಮುಟ್ಟಿದಾಗ ನೀರು ಮಡಿಗಳೊಳಗೆ ಇಳಿಯುತ್ತಿತ್ತು. ಅಪ್ಪ ಪಟಗಾ ಬಿಚ್ಚಿ ಬೇವಿನ ಕೊಂಬೆಗೆ ನೇತುಹಾಕಿ, ಧೋತರ ಎತ್ತಿ ಕಟ್ಟಿ ಇಳಿದ. ಹುಕ್ಕೇರಿಯವರೂ ಇಳಿದರು. ಬಾವಿಯ ಜನ ಅವರು. ಬೆರಳ ಗಾತ್ರದ ನೀರನ್ನು ಸಾಲಿನಿಂದ ಸಾಲಿಗೆ ಜೋಪಾನವಾಗಿ ನಡೆಸಿ ಬಲ್ಲವರು. ತೊಡೆಯ ಗಾತ್ರದ ನೀರು ಎದುರಿಗೆ ಬಂದಾಗ ಒಬ್ಬೊಬ್ಬರೂ ಒಂದೊಂದು ಕಡೆ ಒಡ್ಡು ಹಾಕಿದರು. ಒಂದು ಮಡಿ ಮುಳುಗಿತು, ಇನ್ನೊಂದಕ್ಕೆ ಹನಿಯೂ ಹೋಗಲಿಲ್ಲ. ಮದುಮಗ ಬಾಸಿಂಗ ತೆಗೆಯಲು ಒಪ್ಪದೆ ಸಲಿಕೆ ಹಿಡಿದಿದ್ದರು. ಬಗ್ಗಿದಾಗಲೆಲ್ಲ ಬಾಸಿಂಗ ಕಣ್ಣ ಮೇಲೆ ಜಾರುತ್ತಿತ್ತು. ಕಾಣದೆ ಹೊಡೆದ ಒಂದು ಸಲಿಕೆ ಪೆಟ್ಟಿಗೆ ಬದುವೇ ಬಿಚ್ಚಿಕೊಂಡಿತು.

‘ಮಾಸ್ತರ, ಸಾಲಿ ಹುಡುಗೂರನ್ನ ಬಿಟ್ಟಂಗ ಬಿಟ್ಟೀರಲ್ರಿ ನೀರನ್ನ’ ಎಂದು ಕಾಕಾ ಕೂಗಿದ.

‘ಗಂಟಿ ಹೊಡದ ಮ್ಯಾಲ ಯಾರೂ ನನ್ನ ಮಾತು ಕೇಳೂದಿಲ್ರಿ’ ಎಂದರು ಅವರು.

ಚಕ್ಕಡಿಯಲ್ಲಿ ಕುಳಿತೇ ನಾನು ನಕ್ಕೆ. ಆ ಮಾತಿನ ಮೇಲೆಯೇ ನನ್ನ ಮನಸ್ಸು ಒಪ್ಪಿತು ಎಂದು ಹೇಳಲು ಸಂಕೋಚವಿಲ್ಲ. ಹೆಣ್ಣು ನೋಡಲು ಬಂದಾಗ ನಾವಿಬ್ಬರೂ ಆಡಿದ್ದು ಹೆಸರು ಮತ್ತು ಓದು, ಅಷ್ಟೇ.

ಗೋಧಿ ಅರ್ಧದಷ್ಟು ತೊಯ್ದಾಗ ಅಯ್ಯನವರು ಕೈತಟ್ಟಿದರು. ಬೇವಿನ ನೆರಳಿನ ಬದುವಿನ ಮೇಲೆ ಕಂಬಳಿ ಹಾಸಿ ನಮ್ಮನ್ನು ನಿಲ್ಲಿಸಿದರು. ಅಪ್ಪ ಕೆಸರ ಕೈಯನ್ನು ಕಾಲುವೆಯಲ್ಲೇ ತೊಳೆದು ಬಂದು ನನ್ನ ಕೈಯನ್ನು ಮದುಮಗನ ಕೈಯಲ್ಲಿಟ್ಟ. ಅಪ್ಪನ ಕೈ ತಣ್ಣಗಿತ್ತು. ತಾಳಿ ಕಟ್ಟುವಾಗ ಸುತ್ತ ನಿಂತವರ ಒಂದು ಕೈಯಲ್ಲಿ ಸಲಿಕೆ, ಒಂದು ಕೈಯಲ್ಲಿ ಅಕ್ಕಿಕಾಳು. ನಮ್ಮ ಮೇಲೆ ಬಿದ್ದಷ್ಟೇ ಕಾಳು ನೀರಿನ ಮೇಲೂ ಬಿದ್ದವು. ಮರುಗಳಿಗೆಯಲ್ಲೇ ಎಲ್ಲರೂ ಮತ್ತೆ ಮಡಿಗಿಳಿದರು, ಮದುಮಗನೂ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊಲ ತಣಿದಿತ್ತು. ನೀರು ಮಾತ್ರ ತಣಿದಿರಲಿಲ್ಲ. ಮೇಲಿನಿಂದ ಬೇಕಾದುದಕ್ಕಿಂತ ಹೆಚ್ಚು ಬಿಟ್ಟಿದ್ದರು. ಉಳಿದದ್ದೆಲ್ಲ ಕವಲಿನ ಬಾಯಿಂದ ಹಳ್ಳಕ್ಕೆ ಧುಮುಕುತ್ತಿತ್ತು. ನಮಗೆ ಅದು ವರ್ಷವೂ ಕಾಣುವ ನೋಟ. ಮಾವನವರಿಗೆ ಹಾಗಲ್ಲ. ಅವರು ಹಳ್ಳದ ಅಂಚಿನಲ್ಲಿ, ಮಗುವೊಂದು ಬಾವಿಗೆ ಬಗ್ಗಿದ್ದನ್ನು ಕಂಡವರಂತೆ ನಿಂತಿದ್ದರು.

‘ಬೀಗರ, ಇದು ಎಲ್ಲಿಗೆ ಹೊಂಟೈತಿ?’

‘ಹೊಳಿಗೆ.’

‘ಹೊಳಿಗೆ ನೀರು ಕಡಿಮಿ ಬಿದ್ದೈತೇನು? ನಮ್ಮಲ್ಲಿ ಇಷ್ಟು ನೀರಿಗೆ ಎತ್ತಿನ ಹೆಗಲು ಹರೀತಾವು. ನಿಮ್ಮ ಬಾವಿ ಇಲ್ಲೇ ಬಾಯಿ ತಕ್ಕೊಂಡು ಕುಂತೈತೆಲ್ಲ.’

ಅಪ್ಪ ಹುಕುಮಿನ ಮಾತು ತೆಗೆದ. ಮಾವನವರು ಅದನ್ನು ಕೇಳುವಷ್ಟು ಹೊತ್ತು ನಿಲ್ಲಲಿಲ್ಲ. ತಮ್ಮ ಜನರನ್ನು ಕೂಗಿ ಕರೆದು, ಹಳ್ಳಕ್ಕೆ ಬೀಳುವ ಬಾಯಿಗೆ ಮಣ್ಣೊತ್ತಿಸಿ, ಬಾವಿಯವರೆಗೆ ಒಂದು ಸಾಲು ತೆಗೆಸಿದರು. ಇದು ಮಾತ್ರ ಅವರಿಗೆ ಕೈಬಂದ ಕೆಲಸ. ಈ ಸಲ ಒಬ್ಬರೂ ತಪ್ಪಲಿಲ್ಲ. ತಳ ಕಾಣುತ್ತಿದ್ದ ಬಾವಿಗೆ ನೀರು ಬಿದ್ದಾಗ ಒಳಗಿನಿಂದ ಒಂದು ಗಂಭೀರ ಸದ್ದು ಎದ್ದಿತು. ಕಲ್ಲಿನ ಸಂದಿಗಳಲ್ಲಿ ಗೂಡು ಕಟ್ಟಿದ್ದ ಪಾರಿವಾಳಗಳು ಎದ್ದುಹೋದವು. ಎರಡೂ ಊರಿನ ಜನ ಬಾವಿಯ ಸುತ್ತ ನಿಂತು, ತುಂಬುವುದನ್ನು ನೋಡುತ್ತ, ಎಲೆ ಅಡಿಕೆ ಹಂಚಿಕೊಂಡರು. ಅಪ್ಪ ಬೇರೆಯವರಿಗಿಂತ ಮುಂದೆ ಬಗ್ಗಿ ನೋಡುತ್ತಿದ್ದ.

ಆ ಹೊತ್ತಿಗೆ ಕಾಲುವೆಯ ಸಾಹೇಬರು ಸೈಕಲ್ ಮೇಲೆ ತಪಾಸಣೆಗೆ ಬಂದರು. ಕಚೇರಿಯ ಪರವಾಗಿ ನಮ್ಮ ಕವಲನ್ನು ನೋಡಿಕೊಳ್ಳುವವರು ಅವರೇ. ಸೈಕಲ್ಲನ್ನು ಬೇವಿಗೆ ಒರಗಿಸಿ, ಬಾವಿಯೊಳಗೆ ಬಗ್ಗಿ ನೋಡಿ, ‘ಕಾಲುವಿ ನೀರು ಬಾವಿಗೆ ತುಂಬೂದು ಗುನ್ಹೆ ಐತಿ’ ಎಂದರು.

ಮಾವನವರು ಮುಂದೆ ಬಂದು ಕೈಮುಗಿದರು. ‘ನಾ ಪರಸ್ಥಳದಾಂವ ಸಾಹೇಬ್ರ, ನನಗ ತಿಳಿಸಿ ಹೇಳ್ರಿ. ಈ ಬಾವ್ಯಾಗಿನ ನೀರು ಯಾರದು?’

‘ಕಾಲುವಿದು. ಹುಕುಂ ಐತೆಲ್ಲ.’

‘ಮತ್ತ ಹಳ್ಳಕ್ಕ ಹೊಂಟಿತ್ತಲ್ರಿ, ಅದು?’

‘ಅದೂ ಕಾಲುವಿದ.’

‘ಹಂಗಾರ ಗುನ್ಹೆ ಏನಾತ್ರಿ? ನಿಮ್ಮ ನೀರು ದಾರಿ ತಪ್ಪಿ ಹೊಂಟಿತ್ತು. ಕೈ ಹಿಡದು ನಿಮ್ಮ ಮನಿಗೇ ಮುಟ್ಟಿಸೇವಿ.’

ಮೊದಲು ನಕ್ಕವನು ಪಾಟಕರಿ. ತನ್ನ ಸಾಹೇಬರ ಎದುರಿಗೆ ನಕ್ಕದ್ದು ಹೊಳೆದು ಬಾಯಿಗೆ ಹೆಗಲ ಮೇಲಿನ ಪಂಜೆ ಒತ್ತಿಕೊಂಡ. ಆಮೇಲೆ ಯಾರನ್ನೂ ಹಿಡಿಯುವಂತಿರಲಿಲ್ಲ. ಸಾಹೇಬರ ಮೀಸೆಯೂ ಒಂದಿಷ್ಟು ಅಲುಗಿತು. ಆದರೆ ಚೀಲದಿಂದ ಕಾಗದ ತೆಗೆದು ಪಂಚನಾಮೆ ಬರೆಯಬೇಕೆಂದರು. ಆಯಿ ಅವರ ಕೈ ಹಿಡಿದು ಪಂಕ್ತಿಯ ಕಡೆ ನಡೆಸಿದಳು.

‘ಬರಿಯೂದು ಬರಿಯಂತಿ ತಮ್ಮಾ, ಮೊದಲ ಉಣ್ಣು. ಕಾಯದೆ ಎಲ್ಲೂ ಹೋಗೂದಿಲ್ಲ, ಹುಗ್ಗಿ ಆರತೈತಿ.’

ಸಾಹೇಬರು ಬದುವಿನ ಮೇಲೆ ಕುಳಿತು ಗೋಧಿ ಹುಗ್ಗಿ ಉಂಡರು. ಮತ್ತೆ ಮತ್ತೆ ತುಪ್ಪ ಬಡಿಸಿಕೊಂಡರು. ನಮಗೆ ಅಕ್ಕಿಕಾಳು ಹಾಕಿ ಹರಸಿದರು. ಆಮೇಲೆ ಕೈ ತೊಳೆದುಕೊಂಡು, ಅದೇ ಕೈಯಿಂದ ಅಪ್ಪನ ಮೇಲೆ ಪಂಚನಾಮೆ ಬರೆದರು. ಡಂಗುರ ಸಾರಿಸದ ಸಂಗತಿ ಅದರಲ್ಲಿ ಇರಲಿಲ್ಲ. ಬೇಕಾದುದಕ್ಕಿಂತ ಹೆಚ್ಚು ನೀರು ಬಿಟ್ಟು ಹಳ್ಳಕ್ಕೆ ಹರಿಸಿದ ಸಂಗತಿಯೂ ಇರಲಿಲ್ಲ. ಸಹಿ ಮಾಡುವಾಗ ಅಪ್ಪ, ‘ಇದರಾಗ ನಮ್ಮ ಮದುವೀದೂ ಒಂದು ಸಾಲು ಬರೀರಿ’ ಎಂದ. ಅದಕ್ಕೂ ಜಾಗವಿರಲಿಲ್ಲ.

ಆ ವರ್ಷ ಗೋಧಿ ಚೆನ್ನಾಗಿ ಬಂತು. ಮೊದಲ ಚೀಲವನ್ನು ಅಪ್ಪ ಹುಕ್ಕೇರಿಗೆ, ‘ಆಳುಗಳಿಗೆ’ ಎಂದು ಹೇಳಿ ಕಳಿಸಿದ. ಬಾವಿಯಲ್ಲಿ ಬೇಸಿಗೆಯುದ್ದಕ್ಕೂ ನೀರು ನಿಂತಿತು. ಅಷ್ಟೇ ಅಲ್ಲ, ಬಾಜೂ ಹೊಲದವರ ಬತ್ತುತ್ತಿದ್ದ ಬಾವಿಯೂ ಆ ಬೇಸಿಗೆ ಬತ್ತಲಿಲ್ಲ. ತವರಿಗೆ ಹೋದಾಗ ನಾನೇ ಬಗ್ಗಿ ನೋಡಿದ್ದೇನೆ. ಹಳ್ಳಕ್ಕೆ ಸುರಿಯುವ ನೀರು ನೆಲದೊಳಗೆ ಇಳಿದರೆ ಯಾರ ಬಾವಿಗೆಲ್ಲ ಜೀವ ಬರುತ್ತದೆ ಎಂಬುದನ್ನು ತಿಳಿಯಲು ಒಂದು ಮದುವೆಯ ಜನ ಸಾಕಾಯಿತು. ಕಾಲುವೆಯ ಇಂಗುನೀರು ತನ್ನದೆಂದು ಹೇಳುವ ಕಚೇರಿಗೆ ಅದನ್ನು ಇಂಗಿಸುವ ಹೊಣೆ ಮಾತ್ರ ಬೇಡವಾಗಿದೆ.

ಮಳೆಗಾಲ ಮುಗಿಯುತ್ತಿದ್ದಂತೆ ಅಪ್ಪನಿಗೆ ತಿಳಿಸಿದರು: ಕಾಲುವೆಯ ನೀರನ್ನು ದುರುಪಯೋಗ ಮಾಡಿದ್ದಕ್ಕಾಗಿ ಬರುವ ಹಿಂಗಾರಿಯಲ್ಲಿ ಅವನ ಹೊಲಕ್ಕೆ ಪಾಳಿ ಇಲ್ಲ. ಬಾವಿಯ ನೀರೆತ್ತಲು ಅಪ್ಪಣೆಯೂ ಇಲ್ಲ. ನಾನೂ ನನ್ನ ಗಂಡನೂ ಕಚೇರಿಗೆ ಹೋದೆವು. ಅಲ್ಲಿ ಕುಳಿತವರು ನನ್ನ ಮಾತನ್ನೆಲ್ಲ ಕೇಳಿ, ‘ನೀವು ಈಗ ಹುಕ್ಕೇರಿಯವರಾದ್ರಿ. ಮಸಗುಪ್ಪಿ ನೀರಿನ ಮಾತು ನಿಮಗ್ಯಾಕ?’ ಎಂದರು. ನನ್ನ ಗಂಡ ಮೆಲ್ಲಗೆ, ‘ಅವರ ಮದುವಿಗೆ ನೀವ ನೀರು ಬಿಟ್ಟೀರಿ, ಸಂಬಂಧ ಅಲ್ಲಿಂದ ಬಂತು’ ಎಂದರು. ಅವರು ಮುಂದಿನ ಕಡತ ಎಳೆದುಕೊಂಡರು. ಹೊರಗೆ ಬಂದು ನಾವಿಬ್ಬರೂ ಬಸ್ಸಿಗೆ ಕಾಯುತ್ತ ನಕ್ಕೆವು. ಮನೆಗೆ ಬಂದು ನಾನು ಇದನ್ನು ಬರೆಯಲು ಕುಳಿತೆ.

ಅಪ್ಪ ಈಗ ಗೋಧಿ ಬಿತ್ತಿದ್ದಾನೆ. ಪಾಳಿ ಇಲ್ಲ ಎಂದು ತಿಳಿದೂ ಬಿತ್ತಿದ್ದಾನೆ.

ಆದುದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ನಾನು ವಿಧಿಪೂರ್ವಕವಾಗಿ ಕೇಳುತ್ತೇನೆ. ನೀರು ಬಿಡುವ ದಿನವನ್ನು ಬದಲಾಯಿಸಿದವರು ಯಾರು, ಕೊನೆಯ ಊರುಗಳಲ್ಲಿ ಡಂಗುರ ಏಕೆ ಸಾರಿಸಲಿಲ್ಲ ಎಂಬುದಕ್ಕೆ ಲಿಖಿತ ಉತ್ತರ ಬೇಕು. ಅದನ್ನು ಮಸಗುಪ್ಪಿಯ ಚಾವಡಿಯಲ್ಲಿ ಕನ್ನಡದಲ್ಲಿ ಓದಿಸಬೇಕು. ಇನ್ನು ಮುಂದೆ ಪಾಳಿ ಬದಲಾದರೆ ನೀರಿಗಿಂತ ಮುಂಚೆ ಸುದ್ದಿ ಊರು ಮುಟ್ಟಬೇಕು. ಬಾವಿಗಳ ಮೇಲಿನ ಹುಕುಮನ್ನು ಒಕ್ಕಲಿಗರ ಎದುರಿನಲ್ಲಿ ಮರುಪರಿಶೀಲಿಸಬೇಕು, ಮತ್ತು ಹಳ್ಳಕ್ಕೆ ಹೋಗುವ ನೀರನ್ನು ಬಾವಿಗೆ ತಿರುಗಿಸಿಕೊಳ್ಳುವುದು ಅಪರಾಧವಲ್ಲವೆಂದು ಸಾರಬೇಕು. ನನ್ನ ಅಪ್ಪನ ಪಾಳಿಯನ್ನು, ಈ ಗೋಧಿಗೆ ಮೊದಲ ನೀರು ಬೇಕಾಗುವ ಮುನ್ನ, ಅವನಿಗೆ ಮರಳಿ ಕೊಡಬೇಕು.